ಅಂಗಳ ಗುಡಿಸುವ ಹೊತ್ತು

ಬುಗೆಂಬೆ, ಜಿಂಜಾ
ಆಗಸ್ಟ್ ೧೪, ಗುರುವಾರ

ಪ್ರೀತಿಯ ಮಗಳು ನಂಗೋಬಿ,

ರಾತ್ರಿ ಹೇಗೆ ಕಳೆಯಿತು? ಎದುರು ಸಿಕ್ಕವರನ್ನು ನಾವು ಬೆಳಿಗ್ಗೆ ಮೊದಲು ಕೇಳುವುದು ಇದನ್ನೇ. ಅವರು ಚೆನ್ನಾಗಿ ಕಳೆಯಿತು ಎನ್ನುತ್ತಾರೆ, ನಾವು ಮುಂದೆ ಹೋಗುತ್ತೇವೆ. ಈ ಸಲ ನಾನು ನಿಜವಾಗಿ ಕೇಳುತ್ತಿದ್ದೇನೆ. ಮಸ್ಕತ್ತಿನ ಆ ಮನೆಯಲ್ಲಿ ನಿನಗೆ ಮಲಗಲು ಬೇರೆ ಕೋಣೆ ಕೊಟ್ಟರೋ, ಇಲ್ಲ ಇನ್ನೂ ಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲೇ ಮಲಗುತ್ತೀಯೋ? ಸೊಂಟದ ನೋವು ಹೇಗಿದೆ? ನನ್ನ ಮೊಣಕಾಲು ಮೊದಲಿನಷ್ಟು ಕಾಡುತ್ತಿಲ್ಲ, ಅದಕ್ಕೂ ಒಂದು ಕಾರಣವಿದೆ, ಆಮೇಲೆ ಹೇಳುತ್ತೇನೆ. ಪಕ್ಕದ ಮನೆಯ ಕಗೋಯಾಳ ಮಗಳು ನಾಳೆ ನೀನಿರುವ ಊರಿಗೇ ಕೆಲಸಕ್ಕೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಫೋನು ನಿನ್ನ ಮಗಳು ಲೊಗೊಸೆಯದು, ಹೇಳಬೇಕಾದ ವಿಷಯವೂ ಅವಳದೇ. ಅಂದಹಾಗೆ, ಕಳೆದ ಮಂಗಳವಾರ ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲವೆಂದು ನೀನು ಹೆದರಿ ಅತ್ತುಬಿಟ್ಟೆಯಂತೆ. ಇಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ನಿನ್ನ ಮಗಳನ್ನು ನನಗೆ ಒಪ್ಪಿಸಿ ಹೊರಟ ದಿನ ನೀನು ಏನು ಹೇಳಿದ್ದೆ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. 'ಅಮ್ಮಾ, ಮುದ್ದು ಮಾಡಿ ಅವಳನ್ನ ಸೋಮಾರಿ ಮಾಡ್ಬೇಡ' ಅಂದಿದ್ದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಹೇಳುವ ಮಾತೇ ಇದು? ತರಗತಿಯಲ್ಲಿ ತೂಕಡಿಸಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆದ್ದರಿಂದ ಅವಳು ಬ್ರೆಡ್ ಬೇಕರಿಗೆ ಸೇರಿದ ಮೇಲೂ ನಾನು ಮನೆಯ ಕ್ರಮ ಬದಲಿಸಲಿಲ್ಲ. ಅವಳು ಸಂಜೆ ಐದಕ್ಕೆ ಮನೆ ಬಿಡುತ್ತಾಳೆ. ಆರರಿಂದ ಆರರವರೆಗೆ ಒಲೆಯ ಮುಂದೆ ನಿಂತು ಬೆಳಿಗ್ಗೆ ಏಳಕ್ಕೆ ಬಂದು ಸೇರುತ್ತಾಳೆ. ಆ ಹೊತ್ತಿಗೆ ಊರ ಹೆಂಗಸರೆಲ್ಲ ನೀರಿಗೆಂದು ನಮ್ಮ ಮನೆ ಮುಂದೆ ಹಾದು ಹೋಗುತ್ತಿರುತ್ತಾರೆ. ವಯಸ್ಸಿಗೆ ಬಂದ ಹುಡುಗಿಯಿರುವ ಮನೆಯ ಅಂಗಳ ಅಷ್ಟರವರೆಗೆ ಗುಡಿಸದೆ ಬಿದ್ದಿದ್ದರೆ ಅವರು ಸುಮ್ಮನಿರುತ್ತಾರೆಯೇ? ಹಾಗಾಗಿ ನಾನು ಪೊರಕೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದೆ. ಗುಡಿಸಿದ ಮೇಲೆ ಎರಡು ಕ್ಯಾನು ನೀರು, ಆಮೇಲೆ ಗೆಣಸು ಸುಲಿಯುವುದು, ಒಂಬತ್ತಕ್ಕೆ ಹಾಸಿಗೆ. ಹನ್ನೆರಡಾಯಿತೋ ಇಲ್ಲವೋ ನಾನು ಬಾಗಿಲು ಬಡಿಯುತ್ತಿದ್ದೆ. 'ಸೂರ್ಯ ನೆತ್ತಿ ಮೇಲೆ ಬಂದಿದಾನೆ, ನಿನ್ನನ್ನ ಯಾರು ಮದುವೆಯಾಗ್ತಾರೆ?' ಎಂದು ಕೂಗುತ್ತಿದ್ದೆ. ಹುಡುಗಿ ಒಂದು ದಿನವೂ ಎದುರು ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅವಳ ಮೈ ತುಂಬಿಕೊಂಡಿದ್ದನ್ನು ನೀನೂ ಫೋನಿನಲ್ಲಿ ನೋಡಿದ್ದೀಯ. ಚರ್ಚಿನಲ್ಲಿ ಎಲ್ಲರೂ ಅವಳ ತೋಳು ಹಿಡಿದು, 'ಬೇಕರಿ ಬ್ರೆಡ್ಡು ಮೈಗೆ ಹಿಡಿದಿದೆ ಕಣೇ, ಕೆಲಸ ಅಂದ್ರೆ ಹಿಂಗಿರ್ಬೇಕು!' ಎಂದು ಹೊಗಳುತ್ತಿದ್ದರು. ನಾನೇ ಹೊಗಳಿಸಿಕೊಂಡವಳ ಹಾಗೆ ಬೀಗುತ್ತಿದ್ದೆ. ಶಾಲೆಯ ನೆಟ್‌ಬಾಲ್ ತಂಡದಲ್ಲಿ ಬುಟ್ಟಿಗೆ ಚೆಂಡು ಹಾಕುವವಳು ಅವಳೇ ಆಗಿದ್ದಳು. ಹಾಕಿದ್ದು ತಪ್ಪುತ್ತಿರಲಿಲ್ಲ. ಈಗಲೂ ಅವಳ ಗೆಳತಿಯರು ಚರ್ಚಿನ ಮೈದಾನದಲ್ಲಿ ಆಡುತ್ತಾರೆ. ಆದರೆ ಅವರು ಸೇರುವ ಹೊತ್ತು ಸಂಜೆ ಐದು. ಲೊಗೊಸೆ ಬೇಕರಿಗೆ ಹೋಗುತ್ತಾ ಬೇಲಿಯಾಚೆಯಿಂದ ಕೈ ಬೀಸಿ ಮುಂದೆ ಸಾಗುತ್ತಾಳೆ. ಏಪ್ರಿಲ್‌ನಲ್ಲಿ ಒಂದು ದಿನ ಮೈ ಹಗುರಾಗಲಿ ಎಂದು ಬೆಳಿಗ್ಗೆ ಬೇಕರಿಯಿಂದ ಮನೆಗೆ ಓಡುತ್ತಾ ಬಂದಳು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಓಡುವ ಹುಡುಗಿಯನ್ನು ಕಂಡು ಜನ ಗಾಬರಿಯಾದರು. 'ಏನಾಯ್ತಮ್ಮಾ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?' ಎಂದು ಬಾಡಿಗೆ ಬೈಕ್ ಓಡಿಸುವವನೊಬ್ಬ ದೊಣ್ಣೆ ಹಿಡಿದು ಅವಳ ಜೊತೆಗೇ ಓಡಿದನಂತೆ. ಎಷ್ಟು ನಗುತ್ತಾ ಬಂದು ಹೇಳಿದಳು! ನಾನು ನಗಲಿಲ್ಲ. 'ಮದುವೆಯಾಗೋ ಹುಡುಗಿ ರಸ್ತೇಲಿ ಓಡ್ತಾಳೇನೇ?' ಎಂದು ಗದರಿದೆ. ಮಾರನೆಯ ದಿನದಿಂದ ನಡೆದೇ ಬಂದಳು. ನನ್ನ ಮಾತಿಗೆ ಬೆಲೆ ಇದೆ ಎಂದು ಆಗ ಹೆಮ್ಮೆಯಾಗಿತ್ತು.

ಜುಲೈ ಮೊದಲ ವಾರ ನಡೆದದ್ದನ್ನು ಹೇಳುತ್ತೇನೆ, ಹೆದರಬೇಡ. ಎಂದಿನಂತೆ ಏಳಕ್ಕೆ ಬಂದಳು. ಚೀಲ ಕೆಳಗಿಟ್ಟು, ಹಿರಿಯರಿಗೆ ಮಾಡುವಂತೆ ನನ್ನ ಮುಂದೆ ಮಂಡಿಯೂರಿ, 'ಅಜ್ಜಿ, ರಾತ್ರಿ ಹೇಗೆ ಕಳೀತು?' ಎಂದು ಕೇಳಿದಳು. ಚೆನ್ನಾಗಿ ಕಳೆಯಿತು ಎಂದೆ. ನನ್ನ ಮೊಣಕಾಲಿನ ಕಥೆ, ಕೋಳಿಯ ಕಥೆ ಎಲ್ಲ ಹೇಳುತ್ತಾ ಹೋದೆ. ಅವಳು ಹೂಂ ಅನ್ನುವುದು ನಿಂತಿತು. ನೋಡಿದರೆ ಮಂಡಿಯೂರಿದಲ್ಲೇ ನನ್ನ ಮಡಿಲಿಗೆ ಹಣೆಯಿಟ್ಟು ನಿದ್ದೆ ಹೋಗಿದ್ದಾಳೆ. ನನ್ನಿಂದ ತೆಗೆದುಕೊಂಡ ಪೊರಕೆ ಅವಳ ಕೈಯಲ್ಲೇ ಇತ್ತು. ನಿನ್ನ ಮಗಳ ತಲೆಯಲ್ಲಿ ಬ್ರೆಡ್ಡಿನ ವಾಸನೆ ಬರುತ್ತದೆ ನಂಗೋಬಿ, ನನಗೆ ಅದೇ ಗೊತ್ತಿರಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ. ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತು. ಗುಡಿಸದ ಅಂಗಳವನ್ನು ಕಗೋಯಾ ನಿಂತು ನೋಡಿಕೊಂಡು ಹೋದಳು. ನಾನು ಅಲುಗಲಿಲ್ಲ.

ಅಂದೇ ಅವಳನ್ನು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಇಪ್ಪತ್ಮೂರರ ಹುಡುಗಿಗೆ ರಕ್ತದೊತ್ತಡ, ಅದೂ ನನಗಿರುವಷ್ಟು! ಬೇಕರಿಯಲ್ಲೂ ಒಮ್ಮೆ ಮೈದಾ ಮೂಟೆಯ ಮೇಲೆ ಮಲಗಿದ್ದು ಸಿಕ್ಕಿಬಿದ್ದಿದ್ದಾಳೆ, ಇನ್ನೊಂದು ಸಲ ಹಾಗಾದರೆ ಕೆಲಸ ಇಲ್ಲ ಎಂದಿದ್ದಾರೆ ಎಂಬುದು ನನಗೆ ಗೊತ್ತಾದದ್ದೂ ಅಲ್ಲಿಯೇ. ದಿನಕ್ಕೆ ಎಷ್ಟು ಗಂಟೆ ನಿದ್ದೆ ಎಂದು ನರ್ಸು ಕೇಳಿದಳು. ಮೂರು ಗಂಟೆಗೂ ಕಮ್ಮಿ, ಅದೂ ಎರಡು ತುಂಡಾಗಿ ಎಂದು ಲೊಗೊಸೆ ಹೇಳಿದಳು. ಎರಡು ತುಂಡು ಏಕೆ ಎಂದರೆ ನೆಲ ನೋಡಿದಳು. ಚೆನ್ನಾಗಿ ನಿದ್ದೆ ಮಾಡಬೇಕು, ವ್ಯಾಯಾಮ ಮಾಡಬೇಕು ಎಂದು ನರ್ಸು ಬರೆದುಕೊಟ್ಟಳು. ನಿನ್ನ ಮಗಳು ಚೀಟಿ ಹಿಡಿದು, 'ಯಾವ ಹೊತ್ತಲ್ಲಿ ಅಂತಾನೂ ಬರೆದ್ಬಿಡಿ ಸಿಸ್ಟರ್' ಎಂದಳು. ಆ ನರ್ಸು ನಕ್ಕಳು, ಆಮೇಲೆ ನಗು ನಿಲ್ಲಿಸಿ ಕಣ್ಣು ಉಜ್ಜಿಕೊಂಡಳು. ಅವಳೂ ಹಿಂದಿನ ಸಂಜೆಯಿಂದ ಮನೆಗೇ ಹೋಗಿರಲಿಲ್ಲವಂತೆ. ಅವಳಿಗೂ ಇಪ್ಪತ್ತೈದು ದಾಟಿರಲಾರದು. ಈ ಮಕ್ಕಳನ್ನೆಲ್ಲ ಸೋಮಾರಿಗಳು ಎಂದು ನಾವು ಎಷ್ಟು ಸುಲಭವಾಗಿ ಅಂದುಬಿಡುತ್ತೇವೆ!

ಈಗ ಅಂಗಳ ಗುಡಿಸುವವಳು ನಾನು. ಹೌದು, ಅರವತ್ತೊಂಬತ್ತರ ಮುದುಕಿ, ಬೆಳಕು ಹರಿಯುವ ಮುಂಚೆ. ಮೊದಲ ದಿನ ಕಗೋಯಾ ನೀರಿನ ಕ್ಯಾನು ಕೆಳಗಿಟ್ಟು ಬಾಯಿ ಬಿಟ್ಟು ನಿಂತಳು. 'ಅಯ್ಯೋ ಟೀಚರಮ್ಮಾ, ಮನೇಲಿ ಮೊಮ್ಮಗಳಿದ್ದೂ ನೀವು ಗುಡಿಸೋದಾ? ಹುಡುಗೀಗೆ ಏನಾದ್ರೂ ಗಾಳಿಗೀಳಿ ಸೋಕಿದೆಯಾ?' ಅಂದಳು. ನರ್ಸು ನನಗೆ ವ್ಯಾಯಾಮ ಮಾಡಲು ಹೇಳಿದ್ದಾಳೆ ಎಂದು ಸುಳ್ಳು ಹೇಳಿದೆ. ಎರಡು ವಾರದಲ್ಲಿ ಸುಳ್ಳು ನಿಜವಾಯಿತು, ಮೊಣಕಾಲು ಸಡಿಲವಾಗಿದೆ. ಈಗ ಕಗೋಯಾ ಹಾದುಹೋಗುವಾಗ ನನ್ನ ಕ್ಯಾನಿಗೂ ನೀರು ತುಂಬಿಸಿಕೊಂಡು ಬಂದು ಇಡುತ್ತಾಳೆ, ಬೈಯುವುದನ್ನು ಮಾತ್ರ ಬಿಟ್ಟಿಲ್ಲ. ಬೇಕರಿಯ ರಜೆಯ ದಿನ ಭಾನುವಾರ. ಭಾನುವಾರ ಬೆಳಿಗ್ಗೆ ಲೊಗೊಸೆಯನ್ನು ಪ್ರಾರ್ಥನೆಗೆ ಎಬ್ಬಿಸುವುದನ್ನೂ ಬಿಟ್ಟೆ. ತಾಯಂದಿರ ಸಂಘದ ಮುಖ್ಯಸ್ಥೆಯ ಮೊಮ್ಮಗಳೇ ಕಾಣಿಸುತ್ತಿಲ್ಲವಲ್ಲ ಎಂದು ಪಾದ್ರಿಗಳು ಕೇಳಿದರು. ಮಲಗಿದ್ದಾಳೆ, ದೇವರಿಗೆ ಗೊತ್ತಿದೆ ಎಂದೆ. ಹಾಗೆ ಮಲಗಿ ಎದ್ದವಳು ಸಂಜೆ ನೆಟ್‌ಬಾಲ್‌ಗೆ ಹೋಗುತ್ತಾಳೆ. ಕಳೆದ ಭಾನುವಾರ ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಿದ್ದೆ. ಹಾಕಿದ ಏಳು ಚೆಂಡಿನಲ್ಲಿ ಐದು ತಪ್ಪಿತು. ಏದುಸಿರು ಬಿಡುತ್ತಾ, ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಏಪ್ರಿಲ್‌ನಿಂದ ನೋಡಿರಲಿಲ್ಲ.

ನೀನು ಅವಳನ್ನು ಸೋಮಾರಿ ಮಾಡಬೇಡ ಎಂದಿದ್ದೆ. ನಾನು ಮಾಡಿದ ಅನ್ಯಾಯ ಅದಕ್ಕಿಂತ ದೊಡ್ಡದು. ಕ್ಷಮಿಸು. ನಿನ್ನ ಸೊಂಟದ ನೋವು ಕಮ್ಮಿಯಾಗಲಿ, ನಿನ್ನ ಮನೆಯೊಡತಿಯ ಮನಸ್ಸು ಮೃದುವಾಗಲಿ, ನಿನಗೂ ಕಣ್ತುಂಬ ನಿದ್ದೆ ಬರಲಿ. ಹುರಿದ ಕಡಲೆಬೀಜ ಕಟ್ಟಿ ಕಳಿಸಿದ್ದೇನೆ, ಒಬ್ಬಳೇ ತಿನ್ನು.

ನಿನ್ನ ಅಮ್ಮ,
ನೈಗಾಗ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಕಗೋಯಾಳ ಮಗಳು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಈಗ ಹೇಳಲೇಬೇಕು. ನಾನು ಬಾಗಿಲು ಬಡಿಯುವುದನ್ನು ಬಿಟ್ಟ ಮೇಲೂ ಅವಳ ನಿದ್ದೆ ಎರಡು ತುಂಡಾಗಿಯೇ ಇತ್ತು. ಏಕೆಂದು ಕಾದು ನೋಡಿದೆ. ಹತ್ತಕ್ಕೆ ಕಾಲು ಗಂಟೆ ಇರುವಾಗ ಎದ್ದು, ತಣ್ಣೀರಲ್ಲಿ ಮುಖ ತೊಳೆದು, ಕೆನ್ನೆ ತಟ್ಟಿಕೊಂಡು, ನಿನ್ನ ಕರೆಗಾಗಿ ಕೂರುತ್ತಾಳೆ. ಬೇರೆ ಹೊತ್ತಿಗೆ ಮಾಡಲು ಅಮ್ಮನಿಗೆ ಹೇಳು ಎಂದೆ. 'ಅಮ್ಮಂಗೆ ಇರೋದು ಅದೊಂದೇ ಅರ್ಧ ಗಂಟೆ ಅಜ್ಜಿ. ನಂಗೆ ಇಡೀ ಹಗಲಿದೆ' ಅಂದಳು. ಆ ಮಂಗಳವಾರ ಫೋನನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟವಳು ನಾನೇ. ನೀನು ಹನ್ನೊಂದು ಸಲ ಕರೆದೆ, ಪ್ರತಿ ಸಲವೂ ಡಬ್ಬಿ ಮುಟ್ಟಿ ಕೂತಿದ್ದೆ. ಎತ್ತುವುದು ಹೇಗೆಂದು ನನಗೆ ತಿಳಿದಿರಲಿಲ್ಲ, ತಿಳಿದಿದ್ದರೂ ಧೈರ್ಯವಿರಲಿಲ್ಲ. ಅವಳು ಮೂರು ಗಂಟೆಯವರೆಗೆ ಮಲಗಿದಳು. ಫೋನಿನ ಅಲಾರಂ, ಕರೆ ಯಾವುದೂ ಕೇಳಿಸದಷ್ಟು ಗಾಢ ನಿದ್ದೆ ಬಂದಿತ್ತು ಎಂದುಕೊಂಡಿದ್ದಾಳೆ, ಹಾಗೇ ಇರಲಿ. ಈಗ ಹಸಿರು ಗುರುತು ಒತ್ತುವುದನ್ನು ಕಲಿತಿದ್ದೇನೆ. ಕಾಗದ ತಲುಪಿದ ಮಾರನೆಯ ದಿನ ಹತ್ತಕ್ಕೇ ಮಾಡು, ನಾನು ಎತ್ತುತ್ತೇನೆ. ಅವಳನ್ನು ಕರೆಯಲು ಹೇಳಬೇಡ, ಮೆಲ್ಲಗೆ ಮಾತಾಡು. ಫೋನನ್ನು ಅವಳ ಹಾಸಿಗೆಯ ಹತ್ತಿರ ಹಿಡಿಯುತ್ತೇನೆ. ನಿನ್ನ ಹಾಗೆಯೇ ಗೊರಕೆ ಹೊಡೆಯುತ್ತಾಳೆ. ನಿನ್ನ ಅರ್ಧ ಗಂಟೆ ಪೂರ್ತಿ ಅದನ್ನು ಕೇಳುತ್ತಾ ಕೂತಿರು, ನನ್ನ ಕೈ ನೋಯುವುದಿಲ್ಲ.