ಅತಿಥಿಗಳ ಪಟ್ಟಿಯಲ್ಲಿದ್ದ ಥಜಿನ್ ಎಲ್ಲಿ?

ಮಾನ್ಯ ಪ್ರಾದೇಶಿಕ ಸೇನಾಧಿಪತಿಗಳೇ,

ಬರುವ ಸೋಮವಾರ ತಾವು ಬಡ್ತಿ ಪಡೆದು ರಂಗೂನಿಗೆ ಹೊರಡುತ್ತೀರಿ. ಅದಕ್ಕೆ ಮೊದಲು ನನ್ನ ತಂಗಿಯ ಮಗಳು, ನರ್ಸ್ ಥಜಿನ್, ಎಲ್ಲಿದ್ದಾಳೆಂದು ಹೇಳಿ ಹೋಗಬೇಕು. ತಮ್ಮ ಸೈನಿಕರು ಅವಳನ್ನು ಕರೆದೊಯ್ದು ನಲವತ್ತೊಂದು ದಿನವಾಯಿತು.

ತಮ್ಮ ಸೇವೆಯನ್ನು ನಾನು ಬಲ್ಲೆ. ಚಿಂದ್ವಿನ್ ನದಿ ಉಕ್ಕಿದ ವರ್ಷ ಮೇಜರ್ ಆಗಿದ್ದ ತಾವು ಸೊಂಟಮಟ್ಟ ನೀರಿನಲ್ಲಿ ನಿಂತು ಅಕ್ಕಿ ಹಂಚಿದಿರಿ. ನಾನೂ ಮೂಟೆ ಹೊತ್ತಿದ್ದೆ. ಈ ಆಗಸ್ಟಿನಲ್ಲಿ ಪ್ರಜಾಪ್ರಭುತ್ವ ಕೇಳಿ ಹೊರಟ ಮೆರವಣಿಗೆಗೆ ದಾರಿ ಬಿಟ್ಟು ಜನರಿಂದ ಜೈಕಾರ ಪಡೆದಿರಿ. ಸೆಪ್ಟೆಂಬರಿನಲ್ಲಿ ಅದೇ ಜನರ ಮೇಲೆ ಗುಂಡು ಹಾರಿಸಿ ಬಡ್ತಿ ಪಡೆದಿರಿ. ಚಹಾದಂಗಡಿಯಲ್ಲಿ ಇನ್ನೂ ತಮ್ಮ ಬಗ್ಗೆಯೇ ವಾದ.

"ಆವತ್ತು ಅಕ್ಕಿ ಕೊಟ್ಟೋರು ಅವರೇ ಕಣಮ್ಮಾ" ಎನ್ನುತ್ತಾನೆ ದೋಣಿಯ ಕೋ ನ್ಯಾನ್.

"ಹೌದಪ್ಪಾ, ತಿಂದೋರ ತಲೆ ಎಣಿಸಿಟ್ಕೊಂಡಿದ್ರು ಅನ್ಸುತ್ತೆ" ಎನ್ನುತ್ತಾಳೆ ಅಂಗಡಿಯಾಕೆ.

ಮನೆಯಲ್ಲಿ ಯಾರೇ ಉಳಿದರೂ ಸಂಜೆಯೊಳಗೆ ವಾರ್ಡ್ ಕಚೇರಿಯ ಅತಿಥಿಗಳ ಪಟ್ಟಿಯಲ್ಲಿ ಹೆಸರು ಬರೆಸಬೇಕೆಂಬುದು ಕಾನೂನು. ರಂಗೂನಿನಿಂದ ಬಂದ ಥಜಿನ್ ಬೇಡವೆಂದಳು.

"ಎರಡೇ ದಿನ ಮಾವ. ಬರೆಸ್ಬೇಡ."

"ನೀನೇನು ಕದ್ದಿದ್ದೀಯಾ?"

"ಗುಂಡು ಬಿದ್ದೋರಿಗೆ ಬ್ಯಾಂಡೇಜ್ ಕಟ್ಟಿದೀನಿ."

"ಅದು ನಿನ್ನ ಕೆಲಸ ತಾನೇ? ಭಯ ಯಾಕೆ?"

ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರೆಂದು ಬೋಧಿಸಿದವನು ನಾನು. ಗುಮಾಸ್ತನ ಕೈಬರಹ ಸೊಟ್ಟಗಿದೆಯೆಂದು ಪೆನ್ನು ಕಸಿದುಕೊಂಡು ಹೆಸರು, ಕೆಲಸ, ಆಸ್ಪತ್ರೆ ಎಲ್ಲವನ್ನೂ ದುಂಡಗೆ ಬರೆದೆ. ಮರುದಿನ ಬೆಳಿಗ್ಗೆ ಅವಳು ಮೀನಿನ ಸಾರಿನ ಶಾವಿಗೆ ತಿನ್ನುತ್ತಿದ್ದಾಗ ಸೈನಿಕರು ಅದೇ ಹಾಳೆ ಹಿಡಿದು ಬಂದರು. ಮುಂದಿದ್ದ ಸಾರ್ಜೆಂಟ್ ನನ್ನ ಶಿಷ್ಯ.

"ಕ್ಷಮಿಸಿ ಮೇಷ್ಟ್ರೇ, ಮೇಲಿನ ಆರ್ಡರು."

"ಮೇಲೆ ಅಂದ್ರೆ ಯಾರಪ್ಪ?"

"ದೊಡ್ಡ ಸಾಹೇಬ್ರು."

ದೊಡ್ಡ ಸಾಹೇಬರೆಂದರೆ ತಾವು. ಆದರೆ ಥಜಿನ್ ಎಂಬ ಹೆಸರಿನವರನ್ನು ಕರೆತಂದೇ ಇಲ್ಲವೆಂದು ತಮ್ಮ ಕಚೇರಿ ಲಿಖಿತ ಉತ್ತರ ಕೊಟ್ಟಿದೆ. ಕಳೆದ ವಾರವಾದರೋ ವಾರ್ಡ್ ಗುಮಾಸ್ತ ಮನೆಗೆ ಬಂದು, "ಅತಿಥಿ ಹೋಗಿದ್ದನ್ನ ನೀವು ಬರೆಸೇ ಇಲ್ವಲ್ಲ ಮೇಷ್ಟ್ರೇ, ತಪ್ಪಾಗುತ್ತೆ" ಎಂದು ಎಚ್ಚರಿಸಿದ. ಅಂದರೆ ಸರ್ಕಾರದ ದಾಖಲೆಯಂತೆ ಅವಳು ಇಂದಿಗೂ ನನ್ನ ಮನೆಯಲ್ಲಿದ್ದಾಳೆ! ಹಾಗಿದ್ದರೆ ಅವಳ ತಾಯಿ ತಮ್ಮ ಗೇಟಿನೆದುರು ಬಟ್ಟೆಯ ಗಂಟು ಹಿಡಿದು ಯಾರಿಗಾಗಿ ಕುಳಿತಿದ್ದಾಳೆ?

ಅಕ್ಕಿ ಹಂಚಿದ ಅಧಿಕಾರಿಯಲ್ಲಿ ನಾನು ದಯೆ ಬೇಡುತ್ತಿಲ್ಲ. ಸೋಮವಾರದೊಳಗೆ ಥಜಿನ್ ಇರುವ ಜೈಲಿನ ಹೆಸರನ್ನು ಲಿಖಿತವಾಗಿ ಕೊಡಿ; ತಾಯಿಗೆ ಅವಳ ಮುಖ ತೋರಿಸಿ. ತಾವು ಹೋದ ಮೇಲೆ ಬರುವವರು 'ನಮಗೇನೂ ಗೊತ್ತಿಲ್ಲ' ಎನ್ನುತ್ತಾರೆ, ಮತ್ತು ಅದು ನಿಜವೂ ಆಗಿರುತ್ತದೆ.

ನನ್ನ ತಂಗಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕೊನೆಗೆ ಕೇಳಿದ್ದು ಇಷ್ಟೇ: "ಅಷ್ಟು ಚೆಂದಾಗಿ ಬರಿ ಅಂತ ನಿನಗ್ಯಾರು ಹೇಳಿದ್ರಣ್ಣಾ?" ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನ ಪ್ರಶ್ನೆಗೆ ತಮ್ಮಲ್ಲಿದೆ.

ಇಂತಿ,
ಕಾನೂನು ಪಾಲಿಸಿ ಮನೆಮಗಳನ್ನು ಒಪ್ಪಿಸಿದ
ಊ ಚಿಟ್ ಸ್ವೇ, ನಿವೃತ್ತ ಶಾಲಾ ಶಿಕ್ಷಕ