ಸಂಕೇತ ಕಲಿಸದ ಇಂಗ್ಲಿಷ್

ನವೆಂಬರ್ ೧೪, ರಾತ್ರಿ

ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಐದನೇ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು, ಕ್ಷಮೆಯಿರಲಿ.

ಈ ಹೋಮ್‌ಸ್ಟೇಗೆ ಕೆಲಸಕ್ಕೆ ಸೇರಿದಾಗ ಮಾಲಕರ ಮಗ ಸಂಕೇತ ಮೂರೇ ಇಂಗ್ಲಿಷ್ ಮಾತು ಕಲಿಸಿದ್ದ: ಸಾರಿ ಸರ್, ಯೆಸ್ ಸರ್, ಕಮಿಂಗ್ ಸರ್. ಇನ್ನಷ್ಟು ಕೇಳಿದರೆ, "ಯಾಕೆ ಮಾರಾಯ್ತಿ, ಭಾಷಣ ಮಾಡ್ಲಿಕ್ಕಾ?" ಎಂದು ನಕ್ಕ. ಉಳಿದದ್ದನ್ನು ನಾನೇ ಮೊಬೈಲ್ ನೋಡಿ ಕಲಿತೆ. ಹೇಳುವ ಧೈರ್ಯವೊಂದು ಇರಲಿಲ್ಲ.

ಇವತ್ತು ಸಂಜೆ ಸಂಕೇತ, "ಅಪ್ಪನಿಗೆ ಹೇಳಿ ನಿನ್ನನ್ನು ಕೆಲಸದಿಂದ ಬಿಡಿಸ್ತೇನೆ" ಎಂದ. ಬಿಡಿಸಲಿ. ಉಣ್ಣುವವರನ್ನು ಎಬ್ಬಿಸಬಾರದು ಎಂದು ನಮ್ಮೂರು ಮಾಜಾಳಿಯ ಮಕ್ಕಳಿಗೂ ಗೊತ್ತು. ಅವನಿಗೆ ಗೊತ್ತಿಲ್ಲವೇ?

ಆದದ್ದಿಷ್ಟೇ: ಬೆಳಿಗ್ಗೆ ನಾನು ಗಂಜಿಗೆ ಕೂತಾಗಲೇ ಗೆಸ್ಟ್ ಒಬ್ಬರು ಟವೆಲ್ ಬೇಕೆಂದು ಕರೆದರು. ಏಳು ಎನ್ನುವಂತೆ ಸಂಕೇತ ನನ್ನತ್ತ ಕಣ್ಣು ಕೆಕ್ಕರಿಸಿದ. "ಪ್ಲೀಸ್ ವೇಟ್ ಸರ್, ಐ ಆ್ಯಮ್ ಈಟಿಂಗ್" ಎಂದೆ. ಗಂಜಿ ಪೂರ್ತಿ ಉಂಡೇ ಎದ್ದೆ.