ಬೇಗ ಎಣಿಸಿದ ಹತ್ತು

ಫೆಬ್ರವರಿ 12, ಬೆಳಿಗ್ಗೆ

ನಿನ್ನೆಯ ಖರ್ಚು: ಗಂಟಲು, ಪೂರ್ತಿ. ಪಾಲುದಾರನಿಗೆ ಬಿಟ್ಟುಕೊಟ್ಟ ಒಂದು ದಿನದ ಹರಾಜು. ಹೊಸ ಷರ್ಟಿನ ಗುಂಡಿ. ಒಂದು ಸೆಮಿಫೈನಲ್, ಒಂದೇ ಪಾಯಿಂಟಿನಲ್ಲಿ. ಮಗಳು... ಅದರ ಲೆಕ್ಕ ಇನ್ನೂ ಆಗಿಲ್ಲ.

ಈಗಲೇ ಬರೆದಿಡಬೇಕು. ಮಾತಿನವನು ನಾನು. ನಾಲ್ಕು ದಿನ ಬಿಟ್ಟರೆ ಇದನ್ನೇ ನನಗೆ ಅನುಕೂಲವಾಗುವ ಹಾಗೆ ಹೇಳಿಕೊಳ್ಳುತ್ತೇನೆ. ನಂಬಿಯೂ ಬಿಡುತ್ತೇನೆ.

ಮಗಳ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಗಡಿಯಾರ ಕೆಟ್ಟು ವರ್ಷವಾಯಿತು. ಚೆಂಡು ಕೈಗೆ ಬಂದ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಗಡಿಯಾರವೇ ಇಲ್ಲದೆ ಏನು ಅಭ್ಯಾಸ? ಜೂನ್‌ನಲ್ಲಿ ಒಂದು ಸಂಜೆ ಅವಳನ್ನು ಕರೆತರಲು ಹೋದವನು ಕೋಚ್ ಕೈಯಿಂದ ಸ್ಟಾಪ್‌ವಾಚ್ ಇಸಿದುಕೊಂಡು ಕೊನೆಯ ಹತ್ತನ್ನು ಕೂಗಿದೆ. ಹರಾಜು ಕೂಗುವ ಗಂಟಲು. ಆಚೆ ಬದಿಯ ಹಾಸ್ಟೆಲಿಗೂ ಕೇಳಿಸಿತಂತೆ. ಅಂದಿನಿಂದ ನಾನೇ ಗಡಿಯಾರ. ಹುಡುಗಿಯರು ಇಟ್ಟ ಹೆಸರೂ ಅದೇ — ಗಡಿಯಾರ ಅಂಕಲ್.

ಮಗಳು ಕಾಲೇಜು ಸೇರಿದ ಮೇಲೆ ಅಪ್ಪನ ಕಸುಬಿನ ವಿಷಯ ಗೆಳತಿಯರ ಮುಂದೆ ಎತ್ತಿದವಳಲ್ಲ. ಹಳೇ ಬೀರು, ಮುಚ್ಚಿಹೋದ ಆಫೀಸಿನ ಕುರ್ಚಿ ಕೂಗಿ ಮಾರುವ ಅಪ್ಪ. ಮನೆಯಲ್ಲೂ "ಹೂಂ", "ಊಹೂಂ", ಅಷ್ಟೇ. ಕೋರ್ಟಿನಲ್ಲಿ ಮಾತ್ರ ಎಂಟು ತಿಂಗಳು ನನ್ನ ಮಾತು ಕೇಳಿದಳು. ಅದೂ ಹತ್ತೇ ಮಾತು, ಹತ್ತರಿಂದ ಒಂದರವರೆಗೆ. ನನಗೆ ಸಾಕಾಗಿತ್ತು.

ಅದೇ ದಿನ, ಮಧ್ಯಾಹ್ನ

ಗಂಟಲಿಗೆ ಬಿಸಿನೀರು, ಉಪ್ಪು. ಹೆಂಡತಿ: "ಸದ್ಯ, ಮನೆ ಇಷ್ಟು ತಣ್ಣಗೆ ಇದ್ದದ್ದು ಮದುವೆಯಾದ ಮೇಲೆ ಇದೇ ಮೊದಲು."

ಮುಂದುವರಿಸುತ್ತೇನೆ. ನಿನ್ನೆಯ ಸೆಮಿಫೈನಲ್, ಬೇರೊಂದು ಕಾಲೇಜಿನ ಕೋರ್ಟಿನಲ್ಲಿ: ಎದುರಾಳಿಗಳು 61, ನಾವು 60. ಚೆಂಡು ಅವರ ಕೈಗೆ ಬಂದು ಆಗಲೇ ಹತ್ತು ಸೆಕೆಂಡಾಗಿತ್ತು. ಆಟ ಮುಗಿಯಲು ಹದಿನಾರು ಸೆಕೆಂಡು ಬಾಕಿ. ಫೌಲ್ ಮಾಡಿ ಆಟ ನಿಲ್ಲಿಸಿ ಅಂತ ಕೋಚ್ ಸನ್ನೆ ಮಾಡುತ್ತಿದ್ದರು, ನೋಡುವವರು ಯಾರು? ಗಡಿಯಾರ ಒಂದೇ, ಪಕ್ಕದ ಗೋಡೆಯ ಮೇಲೆ. ಕತ್ತು ತಿರುಗಿಸಿದರೆ ಮಾತ್ರ ಕಾಣುವಂಥದ್ದು.

ಆಗ ನನ್ನ ತಲೆ ಓಡಿತು. ಒಂದು ಸಲ, ಎರಡು ಸಲ ಅಂದ ಮೇಲೆ ಮೂರನ್ನು ಯಾವಾಗ ಅನ್ನಬೇಕು — ನಾನು ಅನ್ನ ತಿಂದಿರುವುದೇ ಅದರಿಂದ. ಗಿರಾಕಿ ಅನುಮಾನಿಸಿದರೆ ಎಳೆಯುತ್ತೇನೆ, ಗಾಬರಿಪಡಿಸಬೇಕಾದರೆ ಓಡಿಸುತ್ತೇನೆ. ಎದ್ದು ನಿಂತು "ಹತ್ತು" ಅಂದೆ. ಓಡಿಸಿದೆ. ಒಂಬತ್ತು-ಎಂಟು-ಏಳು, ಸೆಕೆಂಡಿಗೆ ಎರಡರಂತೆ. "ಐದು" ಅನ್ನುವಷ್ಟರಲ್ಲಿ ಅವರ ಕ್ಯಾಪ್ಟನ್ ತಮ್ಮ ಇಪ್ಪತ್ನಾಲ್ಕು ಸೆಕೆಂಡು ಮುಗಿಯಿತೆಂದು ಗಾಬರಿಬಿದ್ದು ಎಸೆದೇಬಿಟ್ಟಳು. ತಪ್ಪಿತು. ಎಂಥ ವ್ಯಾಪಾರ ಅಂದುಕೊಂಡೆ!

ಚೆಂಡು ಹಿಡಿದದ್ದು ನನ್ನ ಮಗಳು. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಹರಾಜಿನ ಬಾಯಿ, ಎಣಿಕೆಯ ಮಧ್ಯೆ ನಿಲ್ಲುವುದು ಅದಕ್ಕೆ ಗೊತ್ತಿಲ್ಲ. ಮೂರು. ಎರಡು. ಆಟವೇ ಮುಗಿಯುತ್ತಿದೆ ಅಂದುಕೊಂಡ ಅವಳು ಗೋಡೆಯತ್ತ ನೋಡಲಿಲ್ಲ. ನೋಡುವ ಅಭ್ಯಾಸವನ್ನೇ ಎಂಟು ತಿಂಗಳಿಂದ ನಾನು ತಪ್ಪಿಸಿದ್ದೆ. ನಿಂತಲ್ಲಿಂದ, ಇಡೀ ಕೋರ್ಟ್ ದಾಟಿಸಿ ಎಸೆದಳು. ಚೆಂಡು ರಿಂಗಿಗೆ ತಾಗಿ ಆಚೆ ಬಿತ್ತು.

ಅವಳ ಕೈ ಬಿಟ್ಟಾಗ ಗೋಡೆಯ ಮೇಲೆ ಇನ್ನೂ ಒಂಬತ್ತು ಸೆಕೆಂಡಿತ್ತು. ಆರಾಮಾಗಿ ಓಡಿಹೋಗಿ ಹಾಕಬಹುದಿತ್ತು. ಉಳಿದದ್ದನ್ನು ಅವರು ಚೆಂಡು ತಬ್ಬಿಕೊಂಡೇ ಕಳೆದರು.

ಕಾರಿನಲ್ಲಿ ಮಗಳು ಮುಂದೆ ಕೂರಲಿಲ್ಲ, ಹಿಂದೆ ಕೂತಳು.

"ಎಷ್ಟು ಉಳಿದಿತ್ತು, ಅಪ್ಪ?"

"ಒಂಬತ್ತು."

"ಕೂಗ್ತಿರುವಾಗ ನಿನಗೆ ಗೊತ್ತಿತ್ತಾ?"

"ಆ ಗಲಾಟೇಲಿ ಏನು ಗೊತ್ತಾಗತ್ತೆ, ಕಂದ."

ಹೀಗೆ ಅಂದೆ. ಅದನ್ನೂ ಬರೆದಿಟ್ಟೆ.

ಫೆಬ್ರವರಿ 15

ಅಭ್ಯಾಸ ಇಲ್ಲ. ಗೇಟಿನ ಹತ್ತಿರ ಕೋಚ್ ಸಿಕ್ಕರು. ಸೋತವರ ಮುಖವಲ್ಲ. "ಹೋದ ವರ್ಷ ಇವರ ಮೇಲೇ ಮೂವತ್ತೊಂದು ಪಾಯಿಂಟಲ್ಲಿ ಸೋತಿದ್ವಿ, ಯಜಮಾನ್ರೇ. ಈ ಸಲ ಒಂದು. ಜಿರಾಫೆ ನೋಡಿದ್ರಲ್ಲ?" ಜಿರಾಫೆ ಅಂದರೆ ಮೊದಲ ವರ್ಷದ ಉದ್ದನೆಯ ಹುಡುಗಿ. ಜೂನ್‌ನಲ್ಲಿ ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತಿದ್ದಳು. ಮೊನ್ನೆ ಹದಿನೆಂಟು ಪಾಯಿಂಟ್.

"ನಿಮ್ಮ ಮಗಳು ಮಾತ್ರ ಇನ್ನು ಕ್ಯಾಪ್ಟನ್ ಆಗಿರೋದು ಬೇಡ ಅಂತಿದ್ದಾಳೆ. ಒತ್ತಡದಲ್ಲಿ ಕಿವಿ ಕೆಡತ್ತೆ ಅಂತೆ, ಎಣಿಕೆ ತಪ್ಪಾಗಿ ಕೇಳಿಸ್ಕೊಂಡೆ ಅಂತೆ."

ನನ್ನ ತಪ್ಪನ್ನು ತನ್ನ ಕಿವಿಯ ಮೇಲೆ ಹಾಕಿಕೊಂಡಿದ್ದಾಳೆ. ನಾನು ತಲೆಯಾಡಿಸಿ ಬಂದೆ. ಮಾತಿನವನು...

ಫೆಬ್ರವರಿ 23, ಸಂಜೆ

ಹೇಳಿದೆ. ಮಗಳು ಇಸ್ತ್ರಿ ಮಾಡುತ್ತಿದ್ದಳು. ಪೀಠಿಕೆಯೇ ಅರ್ಧ ಗಂಟೆ ಹಾಕಬಲ್ಲವನು ನಾನು, ಒಂದೇ ಸಾಲಿನಲ್ಲಿ ಹೇಳಿದೆ: "ಬೇಕಂತಲೇ ಬೇಗ ಎಣಿಸಿದೆ. ಅವರನ್ನ ಗಾಬರಿ ಮಾಡೋಕೆ."

ಕೈ ನಿಲ್ಲಲಿಲ್ಲ. ಕಾಲರ್ ಮುಗಿಸಿ, ತೋಳು ತಿರುಗಿಸಿದಳು.

"ಗೊತ್ತು. ಚಿಕ್ಕವಳಿದ್ದಾಗ ನಿನ್ನ ಮೇಜಿನ ಕೆಳಗೆ ಕೂತು ಎಷ್ಟು ಸಲ ಕೇಳಿಲ್ಲ? ಗಿರಾಕಿಗೆ ಟೋಪಿ ಹಾಕೋವಾಗ ಹಾಗೇ ಕೂಗೋದು ನೀನು."

"ಗೊತ್ತಿದ್ದೂ ಯಾಕೆ ಎಸೆದೆ?"

"ನಾನಿರುವಾಗ ಹಾಗೆ ಕೂಗಲ್ಲ ಅಂದ್ಕೊಂಡಿದ್ದೆ."

ಷರ್ಟು ಮಡಿಸಿ ಕೊಟ್ಟಳು. ನನ್ನದೇ. ಕಿತ್ತುಹೋಗಿದ್ದ ಗುಂಡಿ ಹೊಲಿದಿತ್ತು.

"ಕೋಚ್ ಹತ್ರ ಇದು ಹೇಳಿಲ್ಲ. ಹುಡುಗೀರಿಗೂ ಹೇಳಲ್ಲ. ಆದ್ರೆ ಇನ್ಮೇಲೆ ಕೂಗೋದು ಬೇಡ, ಅಪ್ಪ."

"ಆಯ್ತು."

ಅದಕ್ಕಿಂತ ಚಿಕ್ಕ ಮಾತು ನಾನು ಜೀವಮಾನದಲ್ಲಿ ಆಡಿದ್ದಿಲ್ಲ.

ಫೆಬ್ರವರಿ 24

ಕೋಚ್ ಹತ್ತಿರ ನಾನೇ ಹೋಗಿ ಹೇಳಿದೆ. ಕೈಲಿದ್ದ ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡರು. ಆಮೇಲೆ, "ಒಂದು ಗಡಿಯಾರ ನೋಡಿ, ಯಜಮಾನ್ರೇ. ಗೋಡೆಗೆ ಹಾಕುವಂಥದ್ದು."

ಮಾರ್ಚ್ 19

ಊರಾಚೆ ಒಂದು ಸ್ಪೋರ್ಟ್ಸ್ ಕ್ಲಬ್ ಮುಚ್ಚಿದೆ, ಸಾಮಾನೆಲ್ಲ ನಮ್ಮ ಹರಾಜಿಗೆ ಬಂತು. ಅದರಲ್ಲಿ ಸ್ಕೋರ್‌ಬೋರ್ಡ್ ಗಡಿಯಾರ, ಕೆಂಪು ಅಂಕಿಯದು. ಪಾಲುದಾರ, "ಕೂಗಣ್ಣ, ನಾಲ್ಕು ಜನ ಕಾಯ್ತಿದ್ದಾರೆ" ಅಂದ. ಕೂಗಲಿಲ್ಲ. ನನ್ನ ಪಾಲಿಗೆ ಹಾಕಿಕೊಂಡೆ. "ಇದಕ್ಕೆ ಮಾತ್ರ ನಿನ್ನ ಬಾಯಿ ಕಟ್ಟಿತಾ?" ಅಂತ ನಕ್ಕ. ಎಲೆಕ್ಟ್ರಿಷಿಯನ್ ಜೊತೆ ಹೋಗಿ ಕಾಲೇಜು ಕೋರ್ಟಿನ ಗೋಡೆಗೆ ಹಾಕಿಸಿ ಬಂದೆ. ಹುಡುಗಿಯರು ಬರುವ ಮೊದಲೇ.

ಏಪ್ರಿಲ್ 6

ಸೆಮಿಫೈನಲಿನ ಅದೇ ಟೀಮಿನ ಜೊತೆ ಫ್ರೆಂಡ್ಲಿ ಮ್ಯಾಚು, ನಮ್ಮ ಕೋರ್ಟಿನಲ್ಲಿ. ಕ್ಯಾಪ್ಟನ್ ನನ್ನ ಮಗಳೇ. ಕೋಚ್ ಬೇರೆಯವರನ್ನು ಮಾಡಲು ಒಪ್ಪಲಿಲ್ಲವಂತೆ. ಎರಡು ಪಾಯಿಂಟ್ ಹಿಂದೆ, ಹತ್ತು ಸೆಕೆಂಡು ಬಾಕಿ, ಚೆಂಡು ಅವಳ ಕೈಲಿ. ಹಲ್ಲು ಕಚ್ಚಿ ಕೂತೆ. ಅವಳು ಕತ್ತು ತಿರುಗಿಸಿ ಗೋಡೆ ನೋಡಿದಳು. ಚೆಂಡು ಬಡಿಯುತ್ತಾ, ಅವರ ಇಬ್ಬರನ್ನು ತನ್ನತ್ತ ಎಳೆದುಕೊಂಡು ಮತ್ತೆ ನೋಡಿದಳು. ಎರಡು ಸೆಕೆಂಡಿದ್ದಾಗ ಖಾಲಿ ನಿಂತ ಜಿರಾಫೆಗೆ ಕೊಟ್ಟಳು. ಜಿರಾಫೆ ಎಸೆದದ್ದು ರಿಂಗಿನ ಸುತ್ತ ಒಂದು ಸುತ್ತು ಹೊಡೆದು, ಹೊರಗೆ.

ಮತ್ತೆ ಸೋಲು. ಆದರೂ ಸರಿಯಾದ ಸೋಲು. ಕೋಚ್ ಚಪ್ಪಾಳೆ ತಟ್ಟಿದರು. ನಾನು ತಟ್ಟಿದ್ದು ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಯಾರಿಗೇನು ಬಂತು:

ಅವರಿಗೆ, ಕಪ್. ಫೆಬ್ರವರಿಯದು, ಫೈನಲನ್ನೂ ಗೆದ್ದು.

ಕೋಚ್‌ಗೆ, ಮುಂದಿನ ವರ್ಷದ ಟೀಮು.

ಜಿರಾಫೆಗೆ, ಕೊನೆಯ ಚೆಂಡು ತನಗೇ ಬರುತ್ತದೆ ಅನ್ನುವ ಧೈರ್ಯ.

ಮಗಳಿಗೆ, ಕತ್ತು ತಿರುಗಿಸಿ ನೋಡುವ ಅಭ್ಯಾಸ.

ನನಗೆ, ಗ್ಯಾಲರಿಯ ಕೊನೇ ಬೆಂಚು. ಅಲ್ಲಿಂದ ಗಡಿಯಾರ ಚೆನ್ನಾಗಿ ಕಾಣುತ್ತದೆ.